ನೋಡುವವರಿಗೆ ಎಷ್ಟು ಗೊತ್ತಿರಬೇಕು? ಥ್ರಿಲ್ಲರ್ ಸಿನಿಮಾ ಮತ್ತು ಕಥೆ ಹೇಳುವ ಲೆಕ್ಕ

ನಮ್ಮಮ್ಮ ‘ದೃಶ್ಯ’ ಸಿನಿಮಾವನ್ನು ಕಡಿಮೆ ಅಂದರೂ ನಾಲ್ಕು ಸಲ ನೋಡಿದ್ದಾರೆ. ಟೀವಿಯಲ್ಲಿ ಬಂದಾಗಲೆಲ್ಲ ನೋಡುತ್ತಾರೆ. ಹೆಣ ಎಲ್ಲಿದೆ ಅಂತ ಅವರಿಗೆ ಗೊತ್ತು. ಪೊಲೀಸರಿಗೆ ಅದು ಸಿಗಲ್ಲ ಅಂತಲೂ ಗೊತ್ತು. ಆದರೂ ಪೊಲೀಸರು ಮನೆಯ ಹತ್ತಿರದ ಗುಂಡಿ ಅಗೆಸಲು ಶುರು ಮಾಡಿದ ಕೂಡಲೇ ಮಾತು ನಿಲ್ಲಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತುಬಿಡುತ್ತಾರೆ. ಒಮ್ಮೆ ಕೇಳಿಯೇ ಬಿಟ್ಟೆ, “ಅಮ್ಮ, ಮುಂದೆ ಏನಾಗುತ್ತೆ ಅಂತ ನಿಂಗೆ ಗೊತ್ತಲ್ವಾ, ಮತ್ಯಾಕೆ ಹೆದರಿಕೆ?” ಅಮ್ಮ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು, “ನಂಗೆ ಗೊತ್ತು ಕಣೋ. ಆ ಹುಡುಗೀರಿಗೆ ಗೊತ್ತಿಲ್ವಲ್ಲ.”

ಕಥನ ಸಿದ್ಧಾಂತದ ಅರ್ಧ ಪಾಠ ಈ ಒಂದು ಮಾತಿನಲ್ಲೇ ಇದೆ. ಕಥನ ಸಿದ್ಧಾಂತ ಅಂದರೆ ಎಂ.ಎ. ತರಗತಿಯ ದಪ್ಪ ಪುಸ್ತಕ, ಫ್ರೆಂಚ್ ಹೆಸರು, ರಷ್ಯನ್ ಪದ ಎಲ್ಲ ನೆನಪಾಗಿ ಸುಮಾರು ಜನ ದೂರ ಸರಿಯುತ್ತಾರೆ. ಆದರೆ ಅದು ಕೇಳುವ ಪ್ರಶ್ನೆಗಳು ತೀರಾ ಸರಳ. ಏನು ನಡೆಯಿತು? ಅದನ್ನು ಯಾವ ಕ್ರಮದಲ್ಲಿ ಹೇಳುತ್ತಿದ್ದಾರೆ? ಯಾರ ಪಕ್ಕ ನಿಂತು ಹೇಳುತ್ತಿದ್ದಾರೆ? ಯಾವುದನ್ನು ಮುಚ್ಚಿಟ್ಟಿದ್ದಾರೆ? ಬೇರೆ ಬಗೆಯ ಸಿನಿಮಾಗಳನ್ನು ಹಾಡು, ನಟನೆ, ಊರಿನ ಚಂದ ಕೈಹಿಡಿದು ದಾಟಿಸಬಹುದು. ಥ್ರಿಲ್ಲರ್‌ಗೆ ಆ ಅನುಕೂಲ ಇಲ್ಲ. ಯಾರಿಗೆ, ಯಾವಾಗ, ಎಷ್ಟು ಗೊತ್ತಾಗಬೇಕು ಅನ್ನುವ ಲೆಕ್ಕ ತಪ್ಪಿದರೆ ಇಡೀ ಸಿನಿಮಾ ಬಿದ್ದುಹೋಗುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿ ‘ದೃಶ್ಯ’ದ ಮಲಯಾಳಂ ಮೂಲವಾದ ‘ದೃಶ್ಯಂ’ ಮತ್ತು ಥ್ರಿಲ್ಲರ್‌ಗೆ ಹೆಸರಾದ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್‌ನ ಮೂರ್ನಾಲ್ಕು ಸಿನಿಮಾಗಳ ಗುಟ್ಟು ಹೊರಬರುತ್ತದೆ. ಗುಟ್ಟು ಹೇಳದೆ ಈ ವಿಷಯ ವಿವರಿಸಲು ಆಗುವುದೇ ಇಲ್ಲ. ನೋಡಿಲ್ಲದವರು ಮೊದಲು ನೋಡಿ ಬನ್ನಿ, ಲೇಖನ ಇಲ್ಲೇ ಇರುತ್ತದೆ.

ಒಂದೇ ಕಳ್ಳತನ, ಮೂರು ಹೇಳಿಕೆ

ನಿಮ್ಮ ಬೀದಿಯಲ್ಲಿ ಕಳ್ಳತನ ಆಗಿದೆ ಅಂದುಕೊಳ್ಳಿ. ಮರುದಿನ ಮೂರು ಜನ ಅದನ್ನು ನಿಮಗೆ ಹೇಳುತ್ತಾರೆ.

ಮೊದಲನೆಯವರು ಶುರು ಮಾಡುವುದು ಹೀಗೆ: “ಬೆಳಿಗ್ಗೆ ಎದ್ದು ನೋಡ್ತಾರೆ, ಬೀರು ಬಾಗಿಲು ಹಾರು ಹೊಡೆದಿದೆ, ಒಳಗೆ ಏನೂ ಇಲ್ಲ. ಆದರೆ ಮುಂಬಾಗಿಲ ಬೀಗ ಹಾಕಿದ್ದು ಹಾಕಿದಂಗೇ ಇದೆ!” ನಿಮಗೆ ತಕ್ಷಣ ಹಿಂದಕ್ಕೆ ಹೋಗಬೇಕು ಅನ್ನಿಸುತ್ತದೆ. ಯಾರು, ಹೇಗೆ ಒಳಗೆ ಬಂದರು? ಇದು ಕುತೂಹಲ.

ಎರಡನೆಯವರು: “ರಾತ್ರಿ ಒಂದು ಗಂಟೆ. ಮನೆಯೋರೆಲ್ಲ ಮಲಗಿದ್ದಾರೆ. ಹಿತ್ತಲ ಬಾಗಿಲ ಚಿಲಕ ನಿಧಾನಕ್ಕೆ ಅಲ್ಲಾಡ್ತಾ ಇದೆ. ಮಗು ನೀರು ಕುಡಿಯೋಕೆ ಅಂತ ಎದ್ದು ಅದೇ ಕಡೆ ಬರ್ತಾ ಇದೆ.” ಈಗ ನಿಮ್ಮ ಮನಸ್ಸು ಮುಂದಕ್ಕೆ ಓಡುತ್ತದೆ. ಅಯ್ಯೋ, ಮಗುವಿಗೆ ಏನಾಗುತ್ತದೋ? ಇದು ಸಸ್ಪೆನ್ಸ್. ಕನ್ನಡದಲ್ಲಿ ತಳಮಳ ಅನ್ನಬಹುದು, ಆದರೆ ಸಸ್ಪೆನ್ಸ್ ಅನ್ನುವುದು ಈಗ ನಮ್ಮದೇ ಪದ.

ಮೂರನೆಯವರು ಊರಿಂದ ಬಂದ ನೆಂಟರೊಬ್ಬರ ಕಥೆ ಹೇಳುತ್ತಾ ಹೋಗುತ್ತಾರೆ. ಅವರು ಊಟ ಮಾಡಿದ್ದು, ಹಳೆಯ ಫೋಟೋ ನೋಡಿದ್ದು, ಮಕ್ಕಳಿಗೆ ಕಥೆ ಹೇಳಿ ಮಲಗಿಸಿದ್ದು. ಕೊನೆಗೆ, “ಬೆಳಿಗ್ಗೆ ನೆಂಟರೂ ಇಲ್ಲ, ಒಡವೆನೂ ಇಲ್ಲ.” ಇದು ಆಶ್ಚರ್ಯ, ಅಂದರೆ ನಮಗೆ ಗೊತ್ತಿಲ್ಲದ ಸಂಗತಿಯೊಂದು ಇತ್ತು ಅನ್ನುವುದೇ ಅಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ.

ನಡೆದ ಘಟನೆ ಒಂದೇ. ಮೂರೂ ಹೇಳಿಕೆ ನಿಜ. ಬದಲಾಗಿದ್ದು ಹೇಳಿದ ಕ್ರಮ ಮಾತ್ರ. ಕಳೆದ ಶತಮಾನದ ಮೊದಲ ಭಾಗದಲ್ಲಿ ರಷ್ಯಾದ ಕೆಲವು ವಿಮರ್ಶಕರು ಇದಕ್ಕೆ ಎರಡು ಪದ ಬಳಸಿದರು. ನಡೆದ ಘಟನೆಗಳು, ನಡೆದ ಕ್ರಮದಲ್ಲಿ, ‘ಫ್ಯಾಬುಲಾ’. ಅವನ್ನು ನಮ್ಮ ಮುಂದೆ ಜೋಡಿಸಿಟ್ಟ ರೀತಿ ‘ಸ್ಯುಜೆಟ್’. ನಾವು ಸುಮ್ನೆ ಕಥೆ ಮತ್ತು ಕಥನ ಅಂದುಕೊಳ್ಳೋಣ. ಕುತೂಹಲ, ಸಸ್ಪೆನ್ಸ್, ಆಶ್ಚರ್ಯ ಈ ಮೂರೂ ಕಥೆ ಮತ್ತು ಕಥನದ ನಡುವಿನ ಬಿರುಕಿನಿಂದಲೇ ಹುಟ್ಟುತ್ತವೆ ಅಂತ ವಿವರವಾಗಿ ತೋರಿಸಿದವರು ಮೈರ್ ಸ್ಟರ್ನ್‌ಬರ್ಗ್ ಎಂಬ ವಿದ್ವಾಂಸರು. ಅವರ ಈ ಮೂರು ಪದ ಗೊತ್ತಿದ್ದರೆ ಸಾಕು, ಯಾವುದೇ ಥ್ರಿಲ್ಲರ್ ನೋಡುವಾಗ ಈ ದೃಶ್ಯ ನನ್ನನ್ನು ಹಿಂದಕ್ಕೆ ಎಳೆಯುತ್ತಿದೆಯೋ ಮುಂದಕ್ಕೆ ತಳ್ಳುತ್ತಿದೆಯೋ ಅಂತ ಹೇಳಬಹುದು.

ಪತ್ತೇದಾರಿ ಕಥೆಗೂ ಥ್ರಿಲ್ಲರ್‌ಗೂ ಇರುವ ವ್ಯತ್ಯಾಸವೂ ಇಲ್ಲೇ ಇದೆ. ಬಲ್ಗೇರಿಯಾದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಬದುಕಿದ ತ್ಸ್ವೆತಾನ್ ತೊದೊರೊವ್ 1966ರಲ್ಲಿ ಪತ್ತೇದಾರಿ ಕಥೆಗಳ ಬಗೆಗಳನ್ನು ಕುರಿತು ಒಂದು ಪ್ರಬಂಧ ಬರೆದರು. ಹಳೆಯ ಮಾದರಿಯ ಪತ್ತೇದಾರಿ ಕಥೆಯಲ್ಲಿ ಎರಡು ಕಥೆ ಇರುತ್ತವೆ ಅಂದರು ಅವರು. ಒಂದು ಅಪರಾಧದ ಕಥೆ. ಪುಸ್ತಕ ತೆರೆಯುವ ಹೊತ್ತಿಗೆ ಅದು ಮುಗಿದಿರುತ್ತದೆ, ಕೊಲೆ ಆಗಿಹೋಗಿರುತ್ತದೆ. ಇನ್ನೊಂದು ತನಿಖೆಯ ಕಥೆ. ಅದರಲ್ಲಿ ಪತ್ತೇದಾರ ಬರುತ್ತಾನೆ, ಕೂದಲು ನೋಡುತ್ತಾನೆ, ಬೂದಿ ನೋಡುತ್ತಾನೆ, ಮೊದಲ ಕಥೆಯನ್ನು ಮತ್ತೆ ಕಟ್ಟುತ್ತಾನೆ. ಅವನಿಗೆ ಏನೂ ಆಗುವುದಿಲ್ಲ. ಆಗಬಾರದು ಅನ್ನುವುದೇ ಆ ಬಗೆಯ ನಿಯಮ. ಥ್ರಿಲ್ಲರ್‌ನಲ್ಲಿ ಈ ಗೋಡೆ ಬೀಳುತ್ತದೆ. ಅಪರಾಧ ಇನ್ನೂ ನಡೆಯುತ್ತಿದೆ, ಹುಡುಕುವವನ ಕುತ್ತಿಗೆಗೂ ಕತ್ತಿ ಬರಬಹುದು. ಪರಿಣಾಮದಿಂದ ಕಾರಣದ ಕಡೆ ಹೋಗುವ ಕುತೂಹಲದ ಜೊತೆಗೆ, ಕಾರಣದಿಂದ ಪರಿಣಾಮದ ಕಡೆ ಓಡುವ ಸಸ್ಪೆನ್ಸ್ ಸೇರಿಕೊಳ್ಳುತ್ತದೆ. ಒಳ್ಳೆಯ ಥ್ರಿಲ್ಲರ್‌ಗಳು ಎರಡನ್ನೂ ಒಟ್ಟಿಗೆ ಹಿಡಿದಿರುತ್ತವೆ.

ಮೇಜಿನ ಕೆಳಗಿನ ಬಾಂಬು, ಕೊಳದೊಳಗಿನ ದುರ್ಯೋಧನ

1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೋ, ಹಿಚ್‌ಕಾಕ್ ಜೊತೆ ದಿನಗಟ್ಟಲೆ ಕೂತು ಮಾತಾಡಿದ. ಆ ಮಾತುಕತೆಯಲ್ಲಿ ಬರುವ ಉದಾಹರಣೆ ಈಗ ಬಹಳ ಪ್ರಸಿದ್ಧ. ಇಬ್ಬರು ಮೇಜಿನ ಮುಂದೆ ಕೂತು ಏನೋ ಸಾದಾ ಮಾತಾಡುತ್ತಿದ್ದಾರೆ. ಇದ್ದಕ್ಕಿದ್ದ ಹಾಗೆ ಮೇಜಿನ ಕೆಳಗಿದ್ದ ಬಾಂಬು ಸಿಡಿಯುತ್ತದೆ. ನೋಡುವವರಿಗೆ ಹದಿನೈದು ಸೆಕೆಂಡಿನ ಆಶ್ಚರ್ಯ ಸಿಕ್ಕಿತು. ಈಗ ಅದೇ ದೃಶ್ಯದಲ್ಲಿ ಬಾಂಬು ಇಟ್ಟಿದ್ದನ್ನು ಮೊದಲೇ ನಮಗೆ ತೋರಿಸಿಬಿಡಿ. ಒಂದು ಗಂಟೆಗೆ ಸಿಡಿಯುತ್ತದೆ, ಗೋಡೆ ಗಡಿಯಾರದಲ್ಲಿ ಒಂದಕ್ಕೆ ಕಾಲು ಗಂಟೆ ಬಾಕಿ. ಅದೇ ಸಾದಾ ಮಾತುಕತೆ ಈಗ ಕೂತಲ್ಲಿ ಕೂರಲು ಬಿಡುವುದಿಲ್ಲ. ಹದಿನೈದು ನಿಮಿಷದ ಸಸ್ಪೆನ್ಸ್.

ಈ ಲೆಕ್ಕ ನಮಗೆ ಹೊಸದಲ್ಲ. 10ನೇ ಶತಮಾನದ ರನ್ನನ ಗದಾಯುದ್ಧ ನೆನಪಿಸಿಕೊಳ್ಳಿ. ದುರ್ಯೋಧನ ವೈಶಂಪಾಯನ ಕೊಳದೊಳಗೆ ಅಡಗಿ ಕೂತಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಿದ್ದಾನೆ. ಅದನ್ನು ಕೇಳಿ ನೀರೊಳಗಿದ್ದೂ ದುರ್ಯೋಧನ ಬೆವರುತ್ತಾನೆ. ಶಾಲೆಯಲ್ಲಿ ಇದನ್ನು ಅಲಂಕಾರಕ್ಕೆ ಉದಾಹರಣೆ ಅಂತ ಓದಿದವರು ಜಾಸ್ತಿ. ನನಗೆ ಮಾತ್ರ ಅದು ಅಪ್ಪಟ ಸಸ್ಪೆನ್ಸ್ ದೃಶ್ಯದ ಹಾಗೆ ಕಾಣುತ್ತದೆ. ರನ್ನ ನಮ್ಮನ್ನು ದಡದಲ್ಲಷ್ಟೇ ನಿಲ್ಲಿಸಿದ್ದರೆ ನೀರು ಕಲಕಿ ದುರ್ಯೋಧನ ಮೇಲೆದ್ದಾಗ ಒಂದು ಕ್ಷಣದ ಆಶ್ಚರ್ಯ ಆಗುತ್ತಿತ್ತು. ಅವನು ನಮ್ಮನ್ನು ನೀರೊಳಗೂ ಕರೆದುಕೊಂಡು ಹೋದ. ಮೇಲಿನ ಕೂಗು, ಕೆಳಗಿನ ಬೆವರು ಎರಡೂ ನಮಗೆ ಗೊತ್ತು. ಇನ್ನು ಎಷ್ಟು ಹೊತ್ತು ತಡೆದುಕೊಳ್ಳುತ್ತಾನೆ ಅಂತ ಕಾಯುವುದಷ್ಟೇ ಉಳಿದದ್ದು. ಮುಖ್ಯವಾದ ಮಾತೆಂದರೆ, ರನ್ನನನ್ನು ಕೇಳುತ್ತಿದ್ದ ಪ್ರತಿಯೊಬ್ಬರಿಗೂ ಮಹಾಭಾರತದ ಕೊನೆ ಗೊತ್ತಿತ್ತು. ತೊಡೆ ಮುರಿಯುತ್ತದೆ ಅಂತ ಗೊತ್ತಿದ್ದೇ ಕೇಳುತ್ತಿದ್ದರು. ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೂ ಈ ಅನುಭವ ಹೊಸದಲ್ಲ. ಗೊತ್ತಿರುವ ಕಥೆ ಹೇಗೆ ಎದೆ ಹೊಡೆಸುತ್ತದೆ ಅನ್ನುವ ಒಗಟಿನ ಬಗ್ಗೆ ತತ್ವಶಾಸ್ತ್ರಜ್ಞರು ಸಾಕಷ್ಟು ಬರೆದಿದ್ದಾರೆ. ನನಗೆ ಸರಿ ಅನ್ನಿಸಿದ ಉತ್ತರ ಅಮ್ಮನದು. ನನಗೆ ಗೊತ್ತು, ಪರದೆಯ ಮೇಲಿರುವವರಿಗೆ ಗೊತ್ತಿಲ್ಲ. ಆ ಅಂತರ ನಾಲ್ಕನೇ ಸಲ ನೋಡಿದಾಗಲೂ ಹಾಗೇ ಇರುತ್ತದೆ.

ಯಾರ ಪಕ್ಕ ನಿಂತಿದ್ದೇವೆ

ಈ ಅಂತರವನ್ನು ಅಳೆಯಲು ಒಂದು ಸುಲಭವಾದ ದಾರಿ ಇದೆ. ಹೇಳುವವನಿಗೆ ಪಾತ್ರಕ್ಕಿಂತ ಜಾಸ್ತಿ ಗೊತ್ತಾ, ಪಾತ್ರದಷ್ಟೇ ಗೊತ್ತಾ, ಪಾತ್ರಕ್ಕಿಂತ ಕಮ್ಮಿ ಗೊತ್ತಾ? ಫ್ರಾನ್ಸಿನ ಜೆರಾರ್ ಜೆನೆಟ್ 1972ರಲ್ಲಿ ಇದನ್ನೇ ಬೆಳೆಸಿ ‘ಫೋಕಲೈಸೇಷನ್’ ಅಂತ ಹೆಸರಿಟ್ಟರು. ಯಾರ ಕಣ್ಣಿನ ಮೂಲಕ ಕಥೆ ಸೋಸಿ ಬರುತ್ತಿದೆ ಅನ್ನುವುದು ಅದರ ತಿರುಳು. ಜೆನೆಟ್ ಬರೆದದ್ದು ಕಾದಂಬರಿಗಳ ಬಗ್ಗೆ. ಸಿನಿಮಾಗೆ ತಂದಾಗ ಮೂರನೆಯವರೊಬ್ಬರನ್ನು ಸೇರಿಸಬೇಕಾಗುತ್ತದೆ, ನೋಡುವ ನಾವು.

‘ರಿಯರ್ ವಿಂಡೋ’ (1954) ಇದಕ್ಕೆ ಒಳ್ಳೆಯ ಪಾಠ. ಕಾಲು ಮುರಿದುಕೊಂಡು ಮನೆಯಲ್ಲೇ ಕೂತಿರುವ ಫೋಟೋಗ್ರಾಫರ್ ಜೆಫ್, ಎದುರಿನ ಮನೆಯವನು ಹೆಂಡತಿಯನ್ನು ಕೊಂದಿದ್ದಾನೆ ಅಂತ ಅನುಮಾನಪಡುತ್ತಾನೆ. ಕ್ಯಾಮೆರಾ ಹೆಚ್ಚುಕಮ್ಮಿ ಇಡೀ ಸಿನಿಮಾ ಜೆಫ್‌ನ ಕೋಣೆ ಬಿಟ್ಟು ಹೊರಡುವುದಿಲ್ಲ. ಅವನು ಕಂಡಷ್ಟೇ ನಾವೂ ಕಾಣುತ್ತೇವೆ. ಆದರೆ ಒಂದು ಮುಖ್ಯವಾದ ಕಡೆ ಈ ನಿಯಮ ಮುರಿಯುತ್ತದೆ. ಜೆಫ್ ನಿದ್ದೆ ಹೋಗಿದ್ದಾನೆ. ಆಗ ಎದುರು ಮನೆಯವನು ಒಬ್ಬ ಹೆಂಗಸಿನ ಜೊತೆ ಮನೆಯಿಂದ ಹೊರಗೆ ಹೋಗುತ್ತಾನೆ. ನಾವು ನೋಡಿದೆವು, ಜೆಫ್ ನೋಡಲಿಲ್ಲ. ಮರುದಿನ ಜೆಫ್ ಕೊಲೆಯ ಮಾತು ಎತ್ತಿದಾಗ ನಮ್ಮೊಳಗೆ ಒಂದು ಸಣ್ಣ ಅನುಮಾನ: ಹೆಂಡತಿ ಬದುಕಿದ್ದಾಳೇನೋ? ಕೆಲವು ಸೆಕೆಂಡು ಮಾತ್ರ ಜೆಫ್‌ನನ್ನು ಬಿಟ್ಟು ಬಂದಿದ್ದಕ್ಕೆ ಇಡೀ ಸಿನಿಮಾದಲ್ಲಿ ಅವನ ಮಾತನ್ನು ಪೂರ್ತಿ ನಂಬಲು ಆಗುವುದಿಲ್ಲ. ಈ ಜಾಗ ನನಗೆ ಬಹಳ ಇಷ್ಟ. ಮೊದಲ ಸಲ ನೋಡಿದಾಗ ಗಮನಕ್ಕೇ ಬಂದಿರಲಿಲ್ಲ.

‘ವರ್ಟಿಗೋ’ (1958) ಇನ್ನೂ ದೊಡ್ಡ ಹೆಜ್ಜೆ ಇಡುತ್ತದೆ. ಸತ್ತುಹೋದಳು ಅಂದುಕೊಂಡ ಹೆಂಗಸನ್ನೇ ಹೋಲುವ ಇನ್ನೊಬ್ಬಳು ನಾಯಕನಿಗೆ ಸಿಗುತ್ತಾಳೆ. ಇಬ್ಬರೂ ಒಬ್ಬಳೇ ಅನ್ನುವ ಗುಟ್ಟನ್ನು ಮೂಲ ಫ್ರೆಂಚ್ ಕಾದಂಬರಿ ಕೊನೆಯವರೆಗೆ ಕಾಪಾಡಿಕೊಳ್ಳುತ್ತದೆ. ಹಿಚ್‌ಕಾಕ್ ಸಿನಿಮಾ ಸುಮಾರು ಮೂರನೇ ಎರಡು ಭಾಗ ಮುಗಿದ ಹೊತ್ತಿಗೇ ಅದನ್ನು ನಮಗೆ ಹೇಳಿಬಿಡುತ್ತಾನೆ. ನಾಯಕನಿಗೆ ಹೇಳುವುದಿಲ್ಲ. ಅಲ್ಲಿಯವರೆಗೆ ‘ಇವಳು ಯಾರು’ ಅಂತ ಕೇಳುತ್ತಿದ್ದ ನಾವು, ಆ ಕ್ಷಣದಿಂದ ‘ಇವನಿಗೆ ಗೊತ್ತಾದರೆ ಏನು ಮಾಡುತ್ತಾನೆ’ ಅಂತ ಕೇಳಲು ಶುರು ಮಾಡುತ್ತೇವೆ. ಕೊನೆಯಲ್ಲಿ ಒಂದು ದೊಡ್ಡ ಟ್ವಿಸ್ಟ್ ಇದ್ದರೆ ಸಾಕು ಥ್ರಿಲ್ಲರ್ ಆಯಿತು ಅಂದುಕೊಳ್ಳುವವರು ಈ ಒಂದು ನಿರ್ಧಾರವನ್ನು ಕೂತು ಯೋಚಿಸಬೇಕು. ಕೈಯಲ್ಲಿದ್ದ ಟ್ವಿಸ್ಟನ್ನು ಅವನು ಬೇಕಂತಲೇ ಬಿಟ್ಟುಕೊಟ್ಟ, ಅದರಿಂದ ಸಿನಿಮಾ ಹೆಚ್ಚು ಆಳವಾಯಿತು.

ಎರಡು ಕಾರು ಮುಳುಗುತ್ತವೆ

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ.

‘ಸೈಕೋ’ (1960) ಶುರುವಾಗುವುದು ಮೇರಿಯನ್ ಎಂಬ ಹೆಂಗಸಿನ ಜೊತೆ. ಅವಳು 40,000 ಡಾಲರ್ ಕದ್ದು ಓಡುತ್ತಾಳೆ. ನಾವು ಅವಳ ಪಕ್ಕದ ಸೀಟಿನಲ್ಲೇ ಕೂತಿರುತ್ತೇವೆ. ಪೊಲೀಸ್ ಹಿಂದೆ ಬಂದರೆ ನಮಗೂ ಗಾಬರಿ. ಸಿನಿಮಾ ಅರ್ಧ ಆಗುವ ಮುಂಚೆಯೇ ಅವಳ ಕೊಲೆ ಆಗಿಬಿಡುತ್ತದೆ. ನಾವು ಯಾರ ಜೊತೆ ಬಂದೆವೋ ಅವಳೇ ಇಲ್ಲ. ಈಗ ಯಾರ ಪಕ್ಕ ನಿಲ್ಲುವುದು? ಹಿಚ್‌ಕಾಕ್ ಆ ಖಾಲಿ ಜಾಗಕ್ಕೆ ಮೋಟೆಲ್‌ನ ಹುಡುಗ ನಾರ್ಮನ್‌ನನ್ನು ತರುತ್ತಾನೆ. ಸ್ನಾನದ ಮನೆಯ ಕೊಲೆ ಪರದೆ ಮೇಲೆ ಒಂದು ನಿಮಿಷವೂ ಇಲ್ಲ. ಆದರೆ ಅದಾದ ಮೇಲೆ ನಾರ್ಮನ್ ನೆಲ ಒರೆಸುವುದು, ಹೆಣ ಸುತ್ತುವುದು, ಕಾರಿನ ಡಿಕ್ಕಿಗೆ ಹಾಕುವುದು, ಇದೆಲ್ಲ ನಿಮಿಷಗಟ್ಟಲೆ, ಬಹುತೇಕ ಮಾತಿಲ್ಲದೆ ನಡೆಯುತ್ತದೆ. ಕಥೆಯಲ್ಲಿ ಎಷ್ಟು ಹೊತ್ತು, ಕಥನದಲ್ಲಿ ಎಷ್ಟು ಹೊತ್ತು ಅನ್ನುವ ಈ ಹೋಲಿಕೆಯನ್ನು ಜೆನೆಟ್ ‘ಅವಧಿ’ ಅಂದರು. ಯಾವುದರ ಜೊತೆ ನಾವು ಹೆಚ್ಚು ಹೊತ್ತು ಇರುತ್ತೇವೋ ಅದರ ಕಡೆ ವಾಲುತ್ತೇವೆ. ಕೊನೆಗೆ ನಾರ್ಮನ್ ಕಾರನ್ನು ಕೆಸರಿನ ಹೊಂಡಕ್ಕೆ ತಳ್ಳುತ್ತಾನೆ. ಅದು ಮುಳುಗುತ್ತಾ ಮುಳುಗುತ್ತಾ ಅರ್ಧಕ್ಕೆ ನಿಂತುಬಿಡುತ್ತದೆ. ಆ ಕ್ಷಣ ನಮ್ಮ ಉಸಿರೂ ನಿಲ್ಲುತ್ತದೆ. ‘ಮುಳುಗಪ್ಪಾ’ ಅಂತ ನಾವೇ ಬೇಡಿಕೊಳ್ಳುತ್ತೇವೆ. ಒಳಗಿರುವುದು ಇಷ್ಟು ಹೊತ್ತು ನಮ್ಮ ಜೊತೆಗಿದ್ದ ಮೇರಿಯನ್‌ಳ ಹೆಣ!

2013ರ ಡಿಸೆಂಬರಿನಲ್ಲಿ ಬಂದ ಜೀತು ಜೋಸೆಫ್ ನಿರ್ದೇಶನದ ಮಲಯಾಳಂ ‘ದೃಶ್ಯಂ’ನಲ್ಲೂ ಒಂದು ಕಾರು ಮುಳುಗುತ್ತದೆ. ಮರುವರ್ಷ ಪಿ. ವಾಸು ಅದನ್ನು ಕನ್ನಡಕ್ಕೆ ತಂದರು, ರವಿಚಂದ್ರನ್ ರಾಜೇಂದ್ರ ಪೊನ್ನಪ್ಪ ಆದರು. ನಾನು ಇಲ್ಲಿ ಮೂಲವನ್ನೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಕೇಬಲ್ ಟೀವಿ ನಡೆಸುವ ಜಾರ್ಜ್‌ಕುಟ್ಟಿಗೆ ಓದು ನಾಲ್ಕನೇ ಕ್ಲಾಸು, ಲೋಕಜ್ಞಾನ ಎಲ್ಲ ಸಿನಿಮಾದಿಂದ. ಅವನ ಮಗಳ ಸ್ನಾನದ ವಿಡಿಯೋ ತೆಗೆದು ಬೆದರಿಸಲು ಬಂದ ಹುಡುಗ ಅವಳ ಕೈಯಲ್ಲೇ ಸಾಯುತ್ತಾನೆ. ಆ ಹುಡುಗನ ತಾಯಿ ಪೊಲೀಸ್ ಐಜಿ. ಜಾರ್ಜ್‌ಕುಟ್ಟಿ ಅವನ ಕಾರನ್ನು ನೀರಿಗೆ ತಳ್ಳಿದಾಗ ನಾವು ಮತ್ತೆ ಅದನ್ನೇ ಬೇಡಿಕೊಳ್ಳುತ್ತೇವೆ. ಆ ಹೊತ್ತಿಗೆ ಅವನ ಮನೆಯಲ್ಲಿ ಕೂತು ಊಟ ಮಾಡಿದವರಾಗಿರುತ್ತೇವೆ. ಮೊದಲರ್ಧ ನಿಧಾನ ಅಂತ ಬಹಳ ಜನ ದೂರುತ್ತಾರೆ. ಗಂಡ ಹೆಂಡತಿಯ ಸಣ್ಣ ಜಗಳ, ಮಕ್ಕಳಿಗೆ ಬೇಕಾದ ಸಾಮಾನು, ಚಹಾ ಅಂಗಡಿ ಹರಟೆ. ನನ್ನ ಪ್ರಕಾರ ಸಿನಿಮಾದ ಬೆನ್ನೆಲುಬು ಆ ನಿಧಾನವೇ. ಅಷ್ಟು ಹೊತ್ತು ಆ ಮನೆಯೊಳಗೆ ಇರದಿದ್ದರೆ ಕಾರು ಮುಳುಗಲಿ ಅಂತ ನಾವು ಬಯಸುತ್ತಲೇ ಇರಲಿಲ್ಲ.

ಸ್ವಲ್ಪ ಹೊತ್ತು ಇದೇ ಕಥೆಯನ್ನು ತಾಯಿಯ ಕಡೆಯಿಂದ ಹೇಳಿ ನೋಡಿ. ಒಬ್ಬಳ ಮಗ ಮನೆಗೆ ಬಂದಿಲ್ಲ. ಫೋನ್ ಹತ್ತುತ್ತಿಲ್ಲ. ಕಾರು ನೀರಿನಲ್ಲಿ ಸಿಗುತ್ತದೆ, ಮಗ ಸಿಗುವುದಿಲ್ಲ. ಅವಳಿಗೆ ಖಚಿತವಾಗಿ ಒಂದು ಮನೆಯ ಮೇಲೆ ಅನುಮಾನ. ಆ ಮನೆಯವರು, ಊರಿನವರು ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಹೆಣ ಕೊನೆಗೂ ಸಿಗುವುದಿಲ್ಲ. ಘಟನೆ ಒಂದೂ ಬದಲಾಗಿಲ್ಲ, ಆದರೆ ಇದು ಬೇರೆಯೇ ಸಿನಿಮಾ. ಇದರಲ್ಲಿ ಜಾರ್ಜ್‌ಕುಟ್ಟಿ ನಡುಕ ಹುಟ್ಟಿಸುವ ಮನುಷ್ಯ. ಆ ಹುಡುಗ ಮಾಡಿದ್ದು ಹೇಸಿಗೆಯ ಕೆಲಸ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ಸಿನಿಮಾ ಅವನನ್ನು ನಮಗೆ ಅಷ್ಟೇ ಆಗಿ ತೋರಿಸುತ್ತದೆ, ಅಮ್ಮನ ಮಗನಾಗಿ ಹೆಚ್ಚು ತೋರಿಸುವುದಿಲ್ಲ. ಕೊನೆಯ ಹತ್ತಿರ ಆ ತಂದೆ ತಾಯಿ ಬಂದು ಜಾರ್ಜ್‌ಕುಟ್ಟಿಯ ಮುಂದೆ ನಿಂತಾಗ ಮಾತ್ರ ನಾವು ಮರೆತಿದ್ದ ಆ ಇನ್ನೊಂದು ಸಿನಿಮಾ ಬಾಗಿಲು ತಟ್ಟಿದ ಹಾಗೆ ಆಗುತ್ತದೆ. ಕ್ಯಾಮೆರಾ ಯಾರ ಮನೆಯಲ್ಲಿ ಉಳಿಯುತ್ತದೋ ನ್ಯಾಯವೂ ಅವರ ಕಡೆ ಉಳಿಯುತ್ತದೆ. ಥ್ರಿಲ್ಲರ್‌ನ ಈ ಶಕ್ತಿ ನನಗೆ ಸಂತೋಷ ಕೊಡುವಷ್ಟೇ ಹೆದರಿಕೆಯನ್ನೂ ಹುಟ್ಟಿಸುತ್ತದೆ. ದಿನವೂ ಸುದ್ದಿ ನೋಡುವಾಗ ಕ್ಯಾಮೆರಾ ಯಾರ ಅಂಗಳದಲ್ಲಿ ನಿಂತಿದೆ ಅಂತ ನೋಡುವ ಅಭ್ಯಾಸ ನನಗೆ ಬಂದದ್ದು ಇಂಥ ಸಿನಿಮಾಗಳಿಂದ.

ತಾರೀಕು ಬದಲಿಸಿದ ಮನುಷ್ಯ

ದೃಶ್ಯಂ ಇನ್ನೂ ಒಂದು ಕಾರಣಕ್ಕೆ ಕಥನ ಸಿದ್ಧಾಂತ ಕಲಿಸಲು ಹೇಳಿ ಮಾಡಿಸಿದ ಸಿನಿಮಾ. ಅದರ ನಾಯಕ ಸ್ವತಃ ಒಬ್ಬ ಕಥೆಗಾರ.

ಅವನು ಮಾಡಿದ್ದೇನು ನೋಡಿ. ಕೊಲೆಯಾದ ಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಪಕ್ಕದ ಊರಿಗೆ ಹೋಗುತ್ತಾನೆ. ಬಸ್ಸು ಹತ್ತುತ್ತಾರೆ, ಊಟ ಮಾಡುತ್ತಾರೆ, ಸಿನಿಮಾ ನೋಡುತ್ತಾರೆ. ಟಿಕೆಟ್, ಬಿಲ್ಲು ಎಲ್ಲ ಜೋಪಾನ ಮಾಡುತ್ತಾನೆ. ಆಮೇಲೆ ಅಲ್ಲಿ ಕಂಡ ಜನರನ್ನೆಲ್ಲ ಇನ್ನೊಂದು ಸಲ ಮಾತಾಡಿಸಿ, ನಾವು ಬಂದಿದ್ದು ಆಗಸ್ಟ್ 2, 3ನೇ ತಾರೀಕು ಅನ್ನುವುದನ್ನು ಮಾತಿನ ನಡುವೆ ಮೆಲ್ಲಗೆ ಅವರ ತಲೆಯೊಳಗೆ ಬಿತ್ತುತ್ತಾನೆ. ಪೊಲೀಸರು ಬಂದು ಕೇಳಿದಾಗ ಅವರೆಲ್ಲ ನಂಬಿದ್ದನ್ನೇ ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರಯಾಣ ನಿಜ, ಊಟ ನಿಜ, ಸಿನಿಮಾ ನಿಜ. ಬದಲಾಗಿರುವುದು ತಾರೀಕು ಒಂದೇ. ಅಂದರೆ ಜಾರ್ಜ್‌ಕುಟ್ಟಿ ಘಟನೆಗಳನ್ನು ಮುಟ್ಟಲೇ ಇಲ್ಲ, ಕ್ರಮ ಬದಲಿಸಿದ. ಕಥೆ ಇದ್ದಲ್ಲೇ ಇದೆ, ಕಥನವನ್ನು ಅವನು ಎಡಿಟ್ ಮಾಡಿದ. ರಷ್ಯಾದ ಆ ವಿಮರ್ಶಕರು ಇದನ್ನು ನೋಡಿದ್ದರೆ ಕುಣಿದಾಡುತ್ತಿದ್ದರು ಅನ್ನಿಸುತ್ತದೆ.

ಅವನು ಪೊಲೀಸರಿಗೆ ಮಾಡಿದ್ದನ್ನೇ ಸಿನಿಮಾ ನಮಗೂ ಮಾಡುತ್ತದೆ ಅನ್ನುವುದು ಗುಂಡಿ ಅಗೆಯುವ ದೃಶ್ಯದಲ್ಲಿ ಗೊತ್ತಾಗುತ್ತದೆ. ಅಲ್ಲಿಯವರೆಗೆ ನಮಗೆ ಪೊಲೀಸರಿಗಿಂತ ಜಾಸ್ತಿ ಗೊತ್ತು, ಜಾರ್ಜ್‌ಕುಟ್ಟಿಯಷ್ಟೇ ಗೊತ್ತು ಅಂತ ನಂಬಿರುತ್ತೇವೆ. ಹೆಣ ಆ ಗುಂಡಿಗೆ ಹೋದದ್ದನ್ನು ನಾವೇ ಕಂಡಿದ್ದೇವಲ್ಲ! ಅಗೆದರೆ ಸಿಗುವುದು ಒಂದು ಪ್ರಾಣಿಯ ಅವಶೇಷ. ಒಂದೇ ಏಟಿಗೆ ಅವನು ನಮಗಿಂತ ಮುಂದೆ ಹೋಗಿಬಿಡುತ್ತಾನೆ. ಅವನ ಹೆಂಡತಿ ಮಕ್ಕಳ ಜೊತೆ ನಾವೂ ಬಾಯಿಬಿಟ್ಟುಕೊಂಡು ನಿಲ್ಲುತ್ತೇವೆ. ಜಾಸ್ತಿ ಗೊತ್ತು, ಅಷ್ಟೇ ಗೊತ್ತು, ಕಮ್ಮಿ ಗೊತ್ತು ಅನ್ನುವ ಆ ಮೂರು ಮೆಟ್ಟಿಲಿನಲ್ಲಿ ಮೇಲಿದ್ದವರು ಕೆಳಗೆ ಬಂದೆವು.

ಇದು ಮೋಸವಾ? ನನ್ನ ಉತ್ತರ, ಅಲ್ಲ. ಫ್ರೆಂಚ್ ವಿಮರ್ಶಕ ರೊಲಾಂ ಬಾರ್ತ್ 1970ರಲ್ಲಿ ಬಾಲ್ಜಾಕನ ಒಂದು ನೀಳ್ಗತೆಯನ್ನು ಸಾಲುಸಾಲಾಗಿ ಬಿಡಿಸಿ ಓದಿ, ಕಥೆಯೊಂದು ಒಗಟನ್ನು ಹೇಗೆ ಕಾಪಾಡಿಕೊಳ್ಳುತ್ತದೆ ಅಂತ ತೋರಿಸಿದರು. ಒಗಟು ಹಾಕುತ್ತದೆ, ಬಲೆ ಬೀಸುತ್ತದೆ, ಎರಡರ್ಥದ ಮಾತಾಡುತ್ತದೆ, ಅರ್ಧ ಉತ್ತರ ಕೊಡುತ್ತದೆ, ಉತ್ತರ ಬಂತು ಅನ್ನುವಷ್ಟರಲ್ಲಿ ಮಾತು ಬದಲಿಸುತ್ತದೆ. ಇದೆಲ್ಲ ಆಟದ ನಿಯಮದೊಳಗೇ ಇದೆ. ನಿಯಮ ಮೀರುವುದು ಯಾವಾಗ? ಹಿಚ್‌ಕಾಕ್‌ನೇ ಒಮ್ಮೆ ಮೀರಿದ. ‘ಸ್ಟೇಜ್ ಫ್ರೈಟ್’ (1950) ಸಿನಿಮಾದ ಶುರುವಿನಲ್ಲೇ ಬರುವ ಫ್ಲ್ಯಾಶ್‌ಬ್ಯಾಕ್ ಸುಳ್ಳು. ಅದನ್ನು ಹೇಳುವ ಪಾತ್ರ ಸುಳ್ಳುಗಾರ, ಸರಿ. ಆದರೆ ನಾವು ಕಣ್ಣಾರೆ ಕಂಡ ಹಾಗೆ ನಡೆದೇ ಇರಲಿಲ್ಲ. ಹಾಗೆ ಮಾಡಬಾರದಿತ್ತು ಅಂತ ಅವನೇ ತ್ರುಫೋ ಮುಂದೆ ಒಪ್ಪಿಕೊಂಡ. ದೃಶ್ಯಂ ಸುಳ್ಳು ತೋರಿಸುವುದಿಲ್ಲ. ಹೆಣ ಗುಂಡಿಗೆ ಹೋದದ್ದು ನಿಜ, ಆಮೇಲೆ ಅಲ್ಲಿಂದ ಎತ್ತಿದ್ದನ್ನು ಹೇಳಲಿಲ್ಲ ಅಷ್ಟೇ. ಬಿಟ್ಟಿದ್ದಕ್ಕೂ ಸುಳ್ಳು ಹೇಳಿದ್ದಕ್ಕೂ ನಡುವೆ ಇರುವ ಈ ಗೆರೆಯನ್ನು ದಾಟಿದ ಥ್ರಿಲ್ಲರ್‌ಗಳು ಎರಡನೇ ಸಲ ನೋಡಿದಾಗ ಕೈಕೊಡುತ್ತವೆ. ಕೊನೆಯ ಹತ್ತು ನಿಮಿಷದಲ್ಲಿ ‘ಇಷ್ಟು ಹೊತ್ತು ಕಂಡದ್ದೆಲ್ಲ ಕನಸು, ಭ್ರಮೆ’ ಅಂದು ಮುಗಿಸುವ ಸಿನಿಮಾಗಳ ಮೇಲೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಅವು ನಮ್ಮ ನಂಬಿಕೆಯನ್ನು ಖರ್ಚು ಮಾಡಿ ಕೈತೊಳೆದುಕೊಳ್ಳುತ್ತವೆ.

ಮಾಧ್ಯಮ ಪಾಠಗಳಲ್ಲಿ ಇನ್ನೂ ಎರಡು ಹೆಸರು ಯಾವಾಗಲೂ ಬರುತ್ತವೆ, ಅವನ್ನೂ ಹೇಳಿಬಿಡುತ್ತೇನೆ. ವ್ಲಾದಿಮಿರ್ ಪ್ರೊಪ್ 1928ರಲ್ಲಿ ರಷ್ಯಾದ ಜನಪದ ಕಥೆಗಳನ್ನು ಬಿಡಿಸಿ 31 ಘಟ್ಟಗಳ, ಏಳು ಪಾತ್ರಗಳ ಚೌಕಟ್ಟು ಕೊಟ್ಟರು. ಖಳ, ನಾಯಕ, ಸಹಾಯಕ ಹೀಗೆ. ಥ್ರಿಲ್ಲರ್‌ಗೆ ಇದು ಅಷ್ಟಾಗಿ ಹೊಂದುವುದಿಲ್ಲ, ಏಕೆಂದರೆ ಯಾರು ಯಾವ ಪಾತ್ರ ಅನ್ನುವುದನ್ನೇ ಇಲ್ಲಿ ಮುಚ್ಚಿಟ್ಟಿರುತ್ತಾರೆ. ಅವರ ಪಟ್ಟಿಯ ‘ಸುಳ್ಳು ನಾಯಕ’ ಮಾತ್ರ ಇಲ್ಲಿ ಚೆನ್ನಾಗಿ ಬದುಕುತ್ತಾನೆ. ಮೊದಲಿಂದಲೂ ಸಹಾಯ ಮಾಡುತ್ತಾ ಬಂದ ಒಳ್ಳೆಯ ಗೆಳೆಯ ಕೊನೆಗೆ ಕೊಲೆಗಾರ ಆಗಿರುತ್ತಾನಲ್ಲ, ಅವನೇ ಇವನು. ಇನ್ನೊಂದು, ಸಮತೋಲನ ಇದ್ದದ್ದು ಕದಡಿ ಹೊಸ ಸಮತೋಲನಕ್ಕೆ ಬರುತ್ತದೆ ಅನ್ನುವ ತೊದೊರೊವ್ ಮಾತು. ಇದನ್ನು ಕಂಠಪಾಠ ಮಾಡುವವರು ಅದರ ಮುಖ್ಯ ಭಾಗ ಬಿಟ್ಟುಬಿಡುತ್ತಾರೆ. ಕೊನೆಯ ಸಮತೋಲನ ಮೊದಲಿನ ಹಾಗೆ ಕಾಣುತ್ತದೆ, ಆದರೆ ಅದೇ ಅಲ್ಲ. ಜಾರ್ಜ್‌ಕುಟ್ಟಿಯ ಮನೆ ಉಳಿಯಿತು. ಹೆಂಡತಿಗೂ ಹೇಳಲಾಗದ ಒಂದು ಗುಟ್ಟು ಅದರೊಳಗೆ ಬಂದು ಸೇರಿತು.

ತೊದೊರೊವ್ ಅವರ ಇನ್ನೊಂದು ಯೋಚನೆ ನಮ್ಮ ಕನ್ನಡದ್ದೇ ‘ಯೂ ಟರ್ನ್’ಗೆ (2016) ಚೆನ್ನಾಗಿ ಒಪ್ಪುತ್ತದೆ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸಿ ಯೂ ಟರ್ನ್ ತೆಗೆದುಕೊಂಡವರೆಲ್ಲ ಸಾಯುತ್ತಿದ್ದಾರೆ. ಇದಕ್ಕೆ ಲೋಕದ ಕಾರಣ ಇದೆಯಾ, ಲೋಕದ ಆಚೆಯದಾ? ಈ ಎರಡರ ನಡುವೆ ಓದುಗ ತೂಗಾಡುವ ಹೊತ್ತನ್ನೇ ತೊದೊರೊವ್ 1970ರಲ್ಲಿ ಒಂದು ಪ್ರಕಾರ ಅಂತ ಗುರುತಿಸಿದರು. ಉತ್ತರ ಯಾವುದೇ ಇರಲಿ, ಅದು ಬಂದ ಕೂಡಲೇ ತೂಗಾಟ ನಿಲ್ಲುತ್ತದೆ. ನಿರ್ದೇಶಕ ಪವನ್ ಕುಮಾರ್ ಆ ತೂಗಾಟವನ್ನು ಎಷ್ಟು ಹೊತ್ತು ಹಿಡಿದಿಟ್ಟರು ಅಂತ ಮುಂದಿನ ಸಲ ಗಡಿಯಾರ ಇಟ್ಟುಕೊಂಡು ನೋಡಿ.

ಕೊನೆಗೆ ಮತ್ತೆ ದೃಶ್ಯಂಗೆ. ಸಿನಿಮಾ ಶುರುವಾಗುವುದು ಹೊಸದಾಗಿ ಕಟ್ಟಿದ ಪೊಲೀಸ್ ಠಾಣೆಯಲ್ಲಿ. ಜಾರ್ಜ್‌ಕುಟ್ಟಿ ಸುಮ್ಮನೆ ಕೂತಿದ್ದಾನೆ. ಮೊದಲ ಸಲ ನೋಡುವಾಗ ಅದು ಬರೀ ಒಂದು ಚೌಕಟ್ಟು, ಇವನು ಯಾಕೆ ಇಲ್ಲಿ ಅಂತ ಒಂದು ಸಣ್ಣ ಕುತೂಹಲ ಹುಟ್ಟಿ ಕಥೆ ಹಿಂದಕ್ಕೆ ಹೋಗುತ್ತದೆ. ಹೆಣ ಇರುವುದು ಅದೇ ಠಾಣೆಯ ನೆಲದ ಕೆಳಗೆ ಅಂತ ನಮಗೆ ಗೊತ್ತಾಗುವುದು ಕೊನೆಯ ಕ್ಷಣದಲ್ಲಿ, ಕಟ್ಟಡ ಇನ್ನೂ ಕಟ್ಟುತ್ತಿದ್ದ ರಾತ್ರಿ ಅವನು ಗುದ್ದಲಿ ಹಿಡಿದು ಹೊರಬರುವುದನ್ನು ತೋರಿಸಿದಾಗ. ಮೊನ್ನೆ ಅಮ್ಮನ ಜೊತೆ ಕೂತು ಮಲಯಾಳಂದನ್ನೇ ಹಾಕಿದೆ, ಅವರಿಗೆ ಭಾಷೆ ಬರದಿದ್ದರೂ. ಮೊದಲ ದೃಶ್ಯಕ್ಕೇ ಅಮ್ಮ ಸೆರಗು ಬೆರಳಿಗೆ ಸುತ್ತಿಕೊಂಡರು. “ನೋಡೋ,” ಅಂದರು, “ಕಾಲು ಎಲ್ಲಿಟ್ಕೊಂಡು ಕೂತಿದಾನೆ ನೋಡು.”